ನಾಲ್ಕು ಚಕ್ರಕ್ಕೂ ಅದೇ 6ಕೆ ಸ್ಪ್ರಿಂಗ್ ಹಾಕಿದ್ದೀರಾ ಮಾರಾಯ್ರೇ?

ಆ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಗಟ್ಟಿ ಮಾಡುವ ನಾಬ್ ಮುಟ್ಟಬೇಡಿ. ಮೊದಲು ಇದನ್ನು ಓದಿ.

ನೀವು ಬರೆದಿದ್ದು ಇಷ್ಟು. ಲೋಟಸ್ ಸೆವೆನ್ ಮಾದರಿಯ ಹಗುರ ಸ್ಪೋರ್ಟ್ಸ್ ಗಾಡಿ, ಜಿಪ್ಸಿ ಎಂಜಿನ್, ಹಿಂದೆ ಓಮ್ನಿ ಆಕ್ಸಲ್, ಖಾಲಿ ತೂಕ 560 ಕೆಜಿ. ಬೆಂಗಳೂರಿನಿಂದ ತಂದ ಹಳೇ ಜಪಾನ್ ಸ್ಪ್ರಿಂಗ್, 6ಕೆ (ಒಂದು ಮಿಮೀ ಕುಗ್ಗಿಸಲು 6 ಕೆಜಿ ಭಾರ ಬೇಕು ಅಂತ), ನಾಲ್ಕಕ್ಕೂ ಒಂದೇ. ಹಂಪಿನಲ್ಲಿ ಹೊಟ್ಟೆ ತಾಗುತ್ತದೆ ಅಂತ ಕಾಲರ್ (ಡ್ಯಾಂಪರ್ ಮೇಲೆ ಸ್ಪ್ರಿಂಗ್ ಕೂರುವ ತಿರುಪಿನ ಬಳೆ) ತಿರುಗಿಸಿ ಗಾಡಿ ಎತ್ತಿದ್ದೀರಿ. ಈಗ ತೀರ್ಥಹಳ್ಳಿ ರಸ್ತೆಯಲ್ಲಿ ಹಿಂದುಗಡೆ ಕುಣಿಯುತ್ತದೆ, ಅದಕ್ಕೆ ನಾಬ್ ಪೂರ್ತಿ ಟೈಟ್ ಮಾಡಿ ನೋಡ್ತೀನಿ ಅಂತ. ಇದನ್ನೇ, ಇದೇ ಕ್ರಮದಲ್ಲಿ, 2017ರಲ್ಲಿ ನಾನೂ ಮಾಡಿದ್ದೆ. ಉದ್ದ ಆದರೆ ಬೇಜಾರು ಮಾಡ್ಕೋಬೇಡಿ.

ಗಟ್ಟಿ ಇದ್ದರೇ ಸ್ಪೋರ್ಟ್ಸ್ ಕಾರು ಅನ್ನೋ ಹುಚ್ಚು ನನಗೂ ಇತ್ತು. ಕಾಲರ್ ಮೇಲಕ್ಕೆ, ನಾಬ್ ಪೂರ್ತಿ ಟೈಟ್. ಶಿವಮೊಗ್ಗದಿಂದ ಗಾಜನೂರು ದಾಟುವಷ್ಟರಲ್ಲೇ ಸೊಂಟ ಹೋಗಿತ್ತು, ಆದರೂ ಬಿಡಲಿಲ್ಲ, ಸೋಮೇಶ್ವರದ ತನಕ ಇಳಿದು ಆಗುಂಬೆ ಘಾಟಿ ವಾಪಸ್ ಹತ್ತಿದೆ. ಅಲ್ಲಿ ಹೇರ್‌ಪಿನ್‌ನ ಒಳಬದಿಯಲ್ಲಿ ರಸ್ತೆಯೇ ತಿರುಚಿಕೊಂಡಿರುತ್ತದೆ, ನೋಡಿದ್ದೀರಲ್ಲ. ಒಂದು ತಿರುವಿನಲ್ಲಿ ಒಳಗಿನ ಹಿಂದಿನ ಚಕ್ರ ನೆಲ ಬಿಟ್ಟಿತು. ಓಮ್ನಿ ಡಿಫರೆನ್ಷಿಯಲ್ ಗೊತ್ತಲ್ಲ, ಗಾಳಿಯಲ್ಲಿರುವ ಚಕ್ರಕ್ಕೇ ಎಲ್ಲಾ ತಿರುಗು. ಎಂಜಿನ್ ಕಿರುಚುತ್ತದೆ, ಗಾಡಿ ಮಾತ್ರ ನಿಂತಲ್ಲೇ ನಿಂತಿದೆ. ಹಿಂದೆ ಉಡುಪಿ ಮಿನಿ ಬಸ್ಸು, ಹಾರ್ನ್ ಮೇಲೆ ಹಾರ್ನ್. ಬಸ್ಸಿನವರೇ ಇಳಿದು ತಳ್ಳಿದರು. ತಳ್ಳಿದವರಲ್ಲಿ ಒಬ್ಬ ಅಜ್ಜ, "ತಮ್ಮಾ, ಇದಕ್ಕೆ ಮೂರೇ ಚಕ್ರವೋ?" ಅಂದರು. ಇವತ್ತಿಗೂ ಆ ತಿರುವಿನಲ್ಲಿ ನನ್ನ ಕಿವಿ ಬಿಸಿಯಾಗುತ್ತದೆ.

ಕಾರಣ ಸರಳ. ಕಾಲರ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಗಾಡಿ ಎತ್ತರವಾಗುತ್ತದೆ ಅಷ್ಟೇ. ಆದರೆ ಡ್ಯಾಂಪರ್ ಉದ್ದ ಅಷ್ಟೇ ಇರುತ್ತದಲ್ವಾ, ನೀವು ಎತ್ತಿದಷ್ಟೂ ಅದು ಮೊದಲೇ ಚಾಚಿಕೊಂಡು ನಿಂತಿರುತ್ತದೆ. ಚಕ್ರ ಗುಂಡಿಗೆ ಇಳಿಯೋಣ ಅಂದರೆ ಇಳಿಯೋಕೆ ಜಾಗವೇ ಇಲ್ಲ. ನಮ್ಮ ರಸ್ತೆಯಲ್ಲಿ ಚಕ್ರ ಮೇಲೆ ಹೋಗುವುದು ಎಷ್ಟು ಮುಖ್ಯವೋ ಕೆಳಗೆ ಇಳಿಯುವುದೂ ಅಷ್ಟೇ ಮುಖ್ಯ. ನೀವು ಕೂತ ಮೇಲೆ ಡ್ಯಾಂಪರ್ ಓಟದಲ್ಲಿ ಸುಮಾರು ಶೇ. 40 ಭಾಗ ಕೆಳಕ್ಕೆ, 60 ಮೇಲಕ್ಕೆ ಉಳಿದಿರಬೇಕು. ನಿಮ್ಮ ಫೋಟೋದಲ್ಲಿ ಹಿಂದೆ ಕೆಳಕ್ಕೆ ಇಳಿಯೋ ಜಾಗ ಎರಡು ಬೆರಳು ಕೂಡ ಇಲ್ಲ.

ಈಗ 6ಕೆ ವಿಷಯ. ಹಿಂದೆ ಓಮ್ನಿ ಆಕ್ಸಲ್, ಡ್ಯಾಂಪರ್ ಚಕ್ರದ ಪಕ್ಕದಲ್ಲೇ ನೆಟ್ಟಗೆ ನಿಂತಿದೆ, ಅಲ್ಲಿ ಮೋಷನ್ ರೇಷಿಯೋ (ಚಕ್ರ ಒಂದು ಮಿಮೀ ಎದ್ದರೆ ಡ್ಯಾಂಪರ್ ಎಷ್ಟು ಕುಗ್ಗುತ್ತದೆ ಅನ್ನೋ ಲೆಕ್ಕ) 0.95ರ ಹತ್ತಿರ. ಮುಂದೆ ವಿಶ್‌ಬೋನ್ (ಚಕ್ರ ಹಿಡಿಯುವ ಕವಲು ತೋಳು), ಡ್ಯಾಂಪರ್ ಓರೆ, ಫೋಟೋ ನೋಡಿದರೆ 0.7 ಇರಬಹುದು. ಇದನ್ನು ವರ್ಗ ಮಾಡಬೇಕು, ಎಲ್ಲರೂ ಮರೆಯುವುದು ಅದೇ. ಮುಂದೆ 0.49, ಹಿಂದೆ 0.9. ಅಂದರೆ ಒಂದೇ ಸ್ಪ್ರಿಂಗ್ ಮುಂದಿನ ಚಕ್ರಕ್ಕೆ ಅರ್ಧ ಗಟ್ಟಿ, ಹಿಂದಿನದಕ್ಕೆ ಹೆಚ್ಚುಕಡಿಮೆ ಪೂರ್ತಿ ಗಟ್ಟಿ. ನಾಲ್ಕಕ್ಕೂ ಒಂದೇ ಹಾಕಿದ ದಿನವೇ ಹಿಂದುಗಡೆ ಕುಣಿಯುವುದು ನಿಶ್ಚಯವಾಯಿತು.

ಲೆಕ್ಕ ಹಾಕಿದೆ. ನೀವು ಕೂತು 635 ಕೆಜಿ, ಅರ್ಧ ಅರ್ಧ ಅಂತ ಇಟ್ಟುಕೊಂಡರೆ ಮೂಲೆಗೆ 159. ಚಕ್ರ, ಹಬ್, ಬ್ರೇಕ್ ಕಳೆದು ಮುಂದೆ 130 ಕೆಜಿ, ಹಿಂದೆ ಆಕ್ಸಲ್ ಭಾರ ಜಾಸ್ತಿ, 114. ನಿಮ್ಮ 6ಕೆಯಲ್ಲಿ ಮುಂಭಾಗ ಸೆಕೆಂಡಿಗೆ 2.4 ಸಲ ಕುಣಿಯುತ್ತದೆ, ಹಿಂಭಾಗ 3.4 ಸಲ. ಇದು ರೇಸ್ ಟ್ರ್ಯಾಕಿನ ಗಾಡಿ. ಮಂಡಗದ್ದೆ ರಸ್ತೆಗೆ ಮುಂದೆ 1.7, ಹಿಂದೆ 1.85 ಸಾಕೇ ಸಾಕು. ಹಿಂದೆ ಸ್ವಲ್ಪ ಜಾಸ್ತಿ ಯಾಕೆ ಅಂದರೆ ಹಂಪಿಗೆ ಮುಂದಿನ ಚಕ್ರ ಮೊದಲು ಬೀಳುತ್ತದೆ, ಹಿಂದಿನದು ತಡವಾಗಿ ಶುರುಮಾಡಿ ಬೇಗ ಕುಣಿದು ಸಮಕ್ಕೆ ಬರಬೇಕು. ಸ್ಪ್ರಿಂಗ್ ಲೆಕ್ಕದಲ್ಲಿ ಅದು ಮುಂದೆ 3ಕೆ ಸುಮಾರು, ಹಿಂದೆ 1.75ಕೆ. ಹೌದು, ಹಿಂದೆ 1.75. ನಗಬೇಡಿ. 80 ಕೆಜಿ ಮನುಷ್ಯ ಮುಂದಿನ ಸ್ಪ್ರಿಂಗ್ ಮೇಲೆ ನಿಂತರೆ ಒಂದು ಇಂಚು ಕುಗ್ಗಬೇಕು, ಹಿಂದಿನದರ ಮೇಲೆ ನಿಂತರೆ ಎರಡಕ್ಕೆ ಸ್ವಲ್ಪ ಕಡಿಮೆ. ಇಂಗ್ಲೆಂಡಿನ ಸ್ಪ್ರಿಂಗ್ ತರಿಸಿದರೆ ಇಂಚಿಗೆ ಇಷ್ಟು ಪೌಂಡು ಅಂತ ಬರೆದಿರುತ್ತಾರೆ, 1ಕೆ ಅಂದರೆ ಇಂಚಿಗೆ 56 ಪೌಂಡು, ಅಲ್ಲಿ ಎಡವಬೇಡಿ.

ಇದನ್ನೆಲ್ಲ ನಂಬಬೇಡಿ, ಅಳೆಯಿರಿ. ನಾನು ಅಳೆಯುವುದು ಅಡಿಕೆ ತೂಕದ ಯಂತ್ರದಲ್ಲಿ. 300 ಕೆಜಿ ಪ್ಲಾಟ್‌ಫಾರಂ ಯಂತ್ರ ಒಂದೇ ಸಾಕು. ಒಂದು ಚಕ್ರ ಅದರ ಮೇಲೆ, ಉಳಿದ ಮೂರರ ಅಡಿಗೆ ಸರಿಯಾಗಿ ಅಷ್ಟೇ ಎತ್ತರದ ಹಲಗೆ. ಒಂದು ಹಲಗೆ ಅರ್ಧ ಇಂಚು ಹೆಚ್ಚುಕಡಿಮೆ ಆದರೂ ತೂಕ ಸುಳ್ಳು ಹೇಳುತ್ತದೆ. ಸೀಟಿನ ಮೇಲೆ 25 ಕೆಜಿಯ ಮೂರು ಅಕ್ಕಿ ಚೀಲ. ಒಂದೊಂದೇ ಚಕ್ರವನ್ನು ಯಂತ್ರದ ಮೇಲಿಟ್ಟು ನಾಲ್ಕೂ ಮೂಲೆ ತೂಗಿ, ಪ್ರತಿಸಲ ಗಾಡಿಯನ್ನು ಕೈಯಿಂದ ಒತ್ತಿ ಬಿಟ್ಟು ಕೂರಲು ಬಿಡಿ. ಹ್ಯಾಂಡ್‌ಬ್ರೇಕ್ ಹಾಕಬೇಡಿ, ಹಾಕಿದರೆ ಸಸ್ಪೆನ್ಷನ್ ಬಿಗಿದುಕೊಂಡು ನಿಲ್ಲುತ್ತದೆ, ಚಕ್ರಕ್ಕೆ ಕಲ್ಲು ಕೊಡಿ. ಒಂದು ಕಾಲರ್ ಏರಿಸಿದರೆ ಆ ಮೂಲೆಯ ಜೊತೆ ಎದುರಿನ ಓರೆ ಮೂಲೆಯಲ್ಲೂ ತೂಕ ಏರುತ್ತದೆ, ಅದು ಯಂತ್ರದ ದೋಷ ಅಲ್ಲ. ಮೋಷನ್ ರೇಷಿಯೋಗೆ ಸ್ಪ್ರಿಂಗ್ ಬಿಚ್ಚಿ, ಚಕ್ರವನ್ನು ಜ್ಯಾಕಿನಿಂದ 50 ಮಿಮೀ ಎತ್ತಿ, ಡ್ಯಾಂಪರ್ ಎಷ್ಟು ಕುಗ್ಗಿತು ನೋಡಿ. 35 ಕುಗ್ಗಿದರೆ 0.7. ಹೀಗೆ ಅಳೆದರೆ ಓರೆ ಅದರಲ್ಲೇ ಬಂದಿರುತ್ತದೆ, ಕೋನದ ಲೆಕ್ಕ ಇನ್ನೊಂದು ಸಲ ಸೇರಿಸಬೇಡಿ. ನಾನು ಸೇರಿಸಿ ಒಂದು ಜೊತೆ ಸ್ಪ್ರಿಂಗ್ ದಂಡ ಮಾಡಿದ್ದೇನೆ.

ಇನ್ನು ಡ್ಯಾಂಪರ್. ನಾಬ್ ಟೈಟ್ ಮಾಡಿದರೆ ಕುಣಿತ ನಿಲ್ಲುತ್ತದೆ, ನಿಜ. ಯಾಕೆ ನಿಲ್ಲುತ್ತದೆ ಅಂದರೆ ಒತ್ತಿದ ಸ್ಪ್ರಿಂಗ್ ವಾಪಸ್ ಬಿಚ್ಚಿಕೊಳ್ಳುವ ಮೊದಲೇ ಮುಂದಿನ ಗುಂಡಿ ಬಂದಿರುತ್ತದೆ. ಸಾಲು ಗುಂಡಿಯಲ್ಲಿ ಗಾಡಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು ಕೊನೆಗೆ ಬಂಪ್ ಸ್ಟಾಪ್ (ಓಟದ ತುದಿಯ ರಬ್ಬರ್ ತಡೆ) ಮೇಲೆ ಕೂರುತ್ತದೆ. ನಿಮಗೆ 'ಗ್ರಿಪ್ಪು' ಅನ್ನಿಸುತ್ತದೆ, ಮಳೆ ಬಂದಾಗ ಅಲ್ಲ ಅಂತ ಗೊತ್ತಾಗುತ್ತದೆ. ಪೂರ್ತಿ ಸಡಿಲದಿಂದ ಶುರುಮಾಡಿ ಎರಡೆರಡು ಕ್ಲಿಕ್ ಏರಿಸಿ, ಅದೇ 3 ಕಿಮೀ ರಸ್ತೆಯಲ್ಲಿ ಓಡಿಸಿ ಬರೆದಿಡಿ. ಹಂಪಿನ ನಂತರ ಗಾಡಿ ಒಂದೇ ಸಲ ಎದ್ದು ಕೂತರೆ ಕ್ಲಿಕ್ ಏರಿಸುವುದು ಅಲ್ಲಿಗೇ ನಿಲ್ಲಿಸಿ. ಡ್ಯಾಂಪರ್ ರಾಡಿಗೆ ಒಂದು ಕೇಬಲ್ ಟೈ ಕಟ್ಟಿ ಬಾಡಿಗೆ ತಾಗಿಸಿ ಬಿಡಿ, ಎಲ್ಲಿಯವರೆಗೆ ಒತ್ತಿತು ಅಂತ ಅದೇ ಹೇಳುತ್ತದೆ. 5 ರೂಪಾಯಿ ಟೈ ಹೇಳಿದ್ದು ನನಗೆ 40 ಸಾವಿರದ ಡ್ಯಾಂಪರ್ ಹೇಳಲಿಲ್ಲ. ವಾಪಸ್ ಬಂದ ತಕ್ಷಣ ನಾಲ್ಕನ್ನೂ ಕೈಯಲ್ಲಿ ಮುಟ್ಟಿ, ಒಂದೇ ಒಂದು ತಣ್ಣಗಿದ್ದರೆ ಅದು ಕೆಲಸ ಮಾಡುತ್ತಿಲ್ಲ.

ಒಂದು ಮಾತು: 6ಕೆಗೆ ಅಂತ ಒಳಗಿನ ವಾಲ್ವ್ ಹೊಂದಿಸಿದ ಡ್ಯಾಂಪರ್ ಆದರೆ 3ಕೆಗೆ ಪೂರ್ತಿ ಸಡಿಲ ಮಾಡಿದರೂ ಗಟ್ಟಿಯೇ. ಆಗ ಆ ವಾಲ್ವ್ ಮತ್ತೆ ಹೊಂದಿಸಲೇಬೇಕು (ರೀವಾಲ್ವ್). ಟ್ವಿನ್ ಟ್ಯೂಬ್ (ಕೊಳವೆಯೊಳಗೆ ಕೊಳವೆ ಇರುವ ಡ್ಯಾಂಪರ್) ಆದರೆ ತಲೆಕೆಳಗಾಗಿ, ಅಥವಾ ಬಹಳ ಮಲಗಿಸಿ ಹಾಕುವಂತಿಲ್ಲ, ಎಣ್ಣೆಗೆ ಗಾಳಿ ಸೇರುತ್ತದೆ. ಕೂರಿಸುವ ಮೊದಲು ನೆಟ್ಟಗೆ ಹಿಡಿದು ಐದಾರು ಸಲ ಪಂಪ್ ಮಾಡಿ. ಗಾಜ್, ಪ್ರೊಟೆಕ್ ಎರಡೂ ಕಂಪನಿಯ ಡ್ಯಾಂಪರ್ ಈ ತೂಕದ ಗಾಡಿಗೆ ಸರಿ. ಬಿಲ್‌ಸ್ಟೈನ್ ಮೋನೋಟ್ಯೂಬ್ (ಒಂದೇ ಕೊಳವೆಯದು) ನನಗೆ ಇಷ್ಟ, ಜೇಬಿಗೆ ಇಷ್ಟವಿಲ್ಲ. ಸ್ಪ್ರಿಂಗಿಗೆ ಐಬಾಕ್ ಕಂಪನಿಯದು ಕಣ್ಣುಮುಚ್ಚಿ ತಗೊಳ್ಳಿ. ಬುಲೆಟ್ ಬೈಕಿನ ಶಾಕ್ ಹಾಕಿ ಅಂತ ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ಬರೆದಿದ್ದಾರಲ್ಲ, ಅವರ ಮೇಲೆ ಗೌರವ ಇದೆ, ಆದರೆ ದಯವಿಟ್ಟು ಬೇಡ. ಆಟೋ ಕಾಂಪ್ಲೆಕ್ಸಿನಲ್ಲಿ ಗ್ಯಾಸ್ ಕಟರ್ ಹಿಡಿದು 'ಎರಡು ಸುತ್ತು ಕಟ್ ಮಾಡಿ ಕೊಡ್ತೀನಿ ಸಾರ್' ಅಂದರೆ ಅದಕ್ಕೂ ಬೇಡ ಅನ್ನಿ. ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಇನ್ನೂ ಗಟ್ಟಿಯಾಗುತ್ತದೆ, ಬೆಂಕಿ ಬಿದ್ದ ಜಾಗದಲ್ಲಿ ಹದ ಹೋಗುತ್ತದೆ.

ಇನ್ನೊಂದು, ಫೋಟೋದಲ್ಲಿ ಎಡ ಹಿಂದಿನ ಡ್ಯಾಂಪರ್ ಬಾಡಿಯ ಒಂದು ಬದಿ ಪೇಂಟ್ ಹೋಗಿದೆ. ಸ್ಪ್ರಿಂಗ್ ಒಳವ್ಯಾಸ ಅದು ಕೂರುವ ಸೀಟಿಗೆ (ಡ್ಯಾಂಪರ್ ಮೇಲಿನ ತಟ್ಟೆಗೆ) ಹೊಂದುತ್ತಿಲ್ಲ, ಸರಿದು ಉಜ್ಜುತ್ತಿದೆ. ಸೀಟು 2.25 ಇಂಚಿನದು ಅಂದರೆ 57 ಮಿಮೀ, ಜಪಾನ್ ಸ್ಪ್ರಿಂಗ್ ಹೆಚ್ಚಾಗಿ 60ರ ಮೇಲೆ. ಅದೊಂದು ಕಾರಣಕ್ಕೇ ಅದನ್ನು ಬಿಚ್ಚಬೇಕು.

ಟೈರಿಗೆ 32 ಪಿಎಸ್‌ಐ ಅಂತ ಬರೆದಿದ್ದೀರಿ. ಅದು ಕುಟುಂಬದ ಕಾರಿನ ಲೆಕ್ಕ. ಇಷ್ಟು ಹಗುರ ಗಾಡಿಗೆ 18ರಿಂದ 20. ನಿಜ ಹೇಳಬೇಕಂದರೆ ಇದನ್ನು ಮೊದಲೇ ಹೇಳಬೇಕಿತ್ತು, ಇವತ್ತೇ ಗಾಳಿ ಬಿಟ್ಟು ನೋಡಿ. ಕಾಲರ್ ದಾರಕ್ಕೆ ಆಂಟಿ ಸೀಜ್ ಗ್ರೀಸ್ ಹಚ್ಚಿ, ನಮ್ಮ ಕೆಂಪು ಕೆಸರು ಒಂದು ಮಳೆಗಾಲದಲ್ಲಿ ಅದನ್ನು ವೆಲ್ಡ್ ಮಾಡಿದ ಹಾಗೆ ಹಿಡಿಸುತ್ತದೆ. ರಾಡಿಗೆ ಬೈಕ್ ಫೋರ್ಕಿನ ರಬ್ಬರ್ ಬೂಟ್ ಹಾಕಿದರೆ ಸೀಲ್ ಬಾಳುತ್ತದೆ, ಕೇಬಲ್ ಟೈ ಪರೀಕ್ಷೆ ಮುಗಿದ ಮೇಲೆ ಹಾಕಿ. ಸರ್ವಿಸ್ ಸ್ಟೇಷನ್ನಿನಲ್ಲಿ ಪ್ರೆಶರ್ ನೀರನ್ನು ನೇರ ರಾಡಿಗೆ ಹೊಡೆಸಬೇಡಿ.

ಹೊಸ ಸ್ಪ್ರಿಂಗ್ ಬರುವ ತನಕ ಕಾಲರ್ ಇಳಿಸಿ, ಹಂಪಿನಲ್ಲಿ ಓರೆಯಾಗಿ ದಾಟಿ, ಘಾಟಿ ಕಡೆ ಹೋಗಬೇಡಿ. ತೂಕದ ಯಂತ್ರ ಬೇಕಿದ್ದರೆ ರಿಪ್ಪನ್‌ಪೇಟೆ ಹತ್ತಿರ ನಮ್ಮ ಮನೆಗೇ ಗಾಡಿ ತನ್ನಿ, ಹಲಗೆಯೂ ಇದೆ. ಅಡಿಕೆ ಕೊಯ್ಲು ಶುರುವಾಗೋ ಮುಂಚೆ ಬನ್ನಿ, ಆಮೇಲೆ ಯಂತ್ರ ಅಂಗಳದಲ್ಲಿರುತ್ತದೆ, ಅಪ್ಪ ಮುಟ್ಟೋಕೆ ಬಿಡಲ್ಲ.