ಡ್ಯಾಂನಲ್ಲಿ ನೀರಿದ್ದರೂ ಕೆಳಗಿನ ನದಿ ಯಾಕೆ ಒಣಗುತ್ತದೆ?

ನಿಮ್ಮ ಪ್ರಶ್ನೆ ಇಷ್ಟು: ಜಲಾಶಯದಲ್ಲಿ ಅರ್ಧದಷ್ಟು ನೀರಿದೆ, ಕೆಳಗೆ ನದಿಯಲ್ಲಿ ಬರೀ ಕಲ್ಲು, ಮರಳು. ದಿನಾ ಒಂದಿಷ್ಟು ಬಿಟ್ಟರೆ ಯಾರ ಗಂಟೇನು ಹೋಗುತ್ತೆ?

ನಾನು ಹನ್ನೊಂದು ವರ್ಷ ಒಂದು ಡ್ಯಾಂನಲ್ಲಿ ಗೇಟ್ ಪಾಳಿ ಮಾಡಿದವನು. ನಿಜ ಹೇಳಬೇಕೆಂದರೆ, ಹೋಗುವ ಗಂಟು ತುಂಬಾ ಚಿಕ್ಕದು.

ಲೆಕ್ಕ ನೋಡಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. 11,574 ಕ್ಯೂಸೆಕ್ ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ, ಆಗುತ್ತದೆ. ನದಿಗೆ 200 ಕ್ಯೂಸೆಕ್‌ನಂತೆ ಒಂದು ತಿಂಗಳು ಬಿಟ್ಟರೆ ಖರ್ಚಾಗುವುದು ಅರ್ಧ ಟಿಎಂಸಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಇನ್ನೊಂದು ಲೆಕ್ಕ: ನೂರು ಚದರ ಕಿಲೋಮೀಟರ್ ಹರಡಿರುವ ಜಲಾಶಯದಿಂದ ದಿನಕ್ಕೆ 5 ಮಿಲಿಮೀಟರ್ ನೀರು ಆವಿಯಾದರೆ, ಅದೂ ಸುಮಾರು 200 ಕ್ಯೂಸೆಕ್ಕೇ! ಬಿಸಿಲು ಕೇಳದೆ ಕುಡಿದುಹೋಗುವಷ್ಟನ್ನೇ ನಾವು ನದಿಗೆ ಕೊಡಲು ಹಿಂದೆ ಮುಂದೆ ನೋಡುತ್ತೇವೆ.

ಹಾಗಾದರೆ ಯಾಕೆ ಬಿಡುವುದಿಲ್ಲ? ಒಂದು ಕಾರಣ ಭಯ. ಎಷ್ಟೋ ಜಲಾಶಯಗಳಿಗೆ ರೂಲ್ ಕರ್ವ್ ಅಂತ ಒಂದು ಗೆರೆ ಇರುತ್ತದೆ. ಯಾವ ತಿಂಗಳು ಮಟ್ಟ ಎಷ್ಟಿರಬೇಕು ಎಂದು ಅದು ಹೇಳುತ್ತದೆ. ಮಳೆಗಾಲದ ಶುರುವಿನಲ್ಲೇ ತುಂಬಿಸಿಕೊಂಡರೆ ದೊಡ್ಡ ನೆರೆ ಬಂದಾಗ ಹಿಡಿದಿಡಲು ಜಾಗ ಇರುವುದಿಲ್ಲ. ತುಂಬಿಸಲು ತಡ ಮಾಡಿದರೆ ಮಳೆ ಕೈಕೊಟ್ಟ ವರ್ಷ ಡ್ಯಾಂ ಅರ್ಧಕ್ಕೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಕುಳಿತ ಅಧಿಕಾರಿಗೆ ಮುಂದಿನ ಮಳೆ ಯಾವಾಗ ಎಂದು ಗೊತ್ತಿರುವುದಿಲ್ಲ. ಅನುಮಾನ ಬಂದಾಗಲೆಲ್ಲ ಮೊದಲ ಕತ್ತರಿ ಬೀಳುವುದು ನದಿಯ ಪಾಲಿಗೆ. ಕಾಲುವೆಯಲ್ಲಿ ಒಂದು ಗೇಣು ಇಳಿದರೆ ನಮ್ಮ ಕಂಟ್ರೋಲ್ ರೂಮಿಗೆ ಹತ್ತು ಫೋನ್ ಬರುತ್ತಿತ್ತು. ನದಿ ಒಣಗಿತು ಅಂತ ಒಂದೇ ಒಂದು ಫೋನ್ ಬಂದ ನೆನಪು ನನಗಿಲ್ಲ.

ಎರಡನೆಯದು, ನೀರು ಹೊರಬರುವ ದಾರಿ. ಫೋಟೋದಲ್ಲಿ ಕಾಣುವ ದೊಡ್ಡ ಕ್ರೆಸ್ಟ್ ಗೇಟ್‌ಗಳು ಮೇಲ್ಗಡೆ ಇರುತ್ತವೆ. ಮಟ್ಟ ಅದಕ್ಕಿಂತ ಕೆಳಗಿದ್ದರೆ ಗೇಟ್ ಪೂರ್ತಿ ಎತ್ತಿದರೂ ಒಂದು ಹನಿ ಬರುವುದಿಲ್ಲ. ಆಗ ತಳದ ಸ್ಲೂಯಿಸ್ಸೋ (ನೀರು ಬಿಡುವ ತೂಬು) ಪವರ್ ಹೌಸೋ ಗತಿ. ದೊಡ್ಡ ಗೇಟನ್ನು ಒಂದೆರಡು ಇಂಚು ಮಾತ್ರ ಎತ್ತಿದರೆ ಅದು ಗಡಗಡ ನಡುಗಲು ಶುರುಮಾಡಬಹುದು, ಯಾರೂ ಹಾಗೆ ಬಿಟ್ಟು ನಿದ್ದೆ ಮಾಡುವುದಿಲ್ಲ. ಸಣ್ಣ ಹರಿವಿಗೆಂದೇ ಬೇರೆ ವಾಲ್ವ್ ಇಲ್ಲದ ಡ್ಯಾಂನಲ್ಲಿ, ಮನಸ್ಸಿದ್ದರೂ 200 ಕ್ಯೂಸೆಕ್ ಬಿಡುವುದು ಪೇಚಾಟವೇ.

ತಳದ ನೀರಿಗೆ ಇನ್ನೊಂದು ತೊಂದರೆ: ಅದು ತಣ್ಣಗಿರುತ್ತದೆ, ಎಷ್ಟೋ ಸಲ ಆಮ್ಲಜನಕವೂ ಕಡಿಮೆ. ಅಮೆರಿಕದ ಕೊಲರಾಡೊ ನದಿಗೆ ಗ್ಲೆನ್ ಕ್ಯಾನ್ಯನ್ ಡ್ಯಾಂ 1963ರಲ್ಲಿ ಅಡ್ಡ ನಿಂತಿತು. ಬೇಸಿಗೆಯಲ್ಲಿ ಬೆಚ್ಚಗೆ ಹರಿಯುತ್ತಿದ್ದ ನದಿ ವರ್ಷವಿಡೀ ತಣ್ಣೀರಾಯಿತು, ಅಲ್ಲಿನ ಮೂಲ ಮೀನುಗಳಿಗೆ ಮರಿ ಮಾಡುವುದೇ ಕಷ್ಟವಾಯಿತು. ಕ್ಯಾಲಿಫೋರ್ನಿಯಾದ ಶಾಸ್ತಾ ಡ್ಯಾಂನ ಕತೆ ಉಲ್ಟಾ. ಅಲ್ಲಿನ ಸಾಲ್ಮನ್ ಮೊಟ್ಟೆಗೆ ತಣ್ಣೀರೇ ಬೇಕು. ಬೇರೆ ಬೇರೆ ಆಳದಿಂದ ನೀರು ಎಳೆಯುವ ಏರ್ಪಾಡನ್ನು 1997ರಲ್ಲಿ ಅದಕ್ಕೆ ಜೋಡಿಸಿದರು.

ಈಗ ನನ್ನ ಮಟ್ಟಿಗೆ ಮುಖ್ಯವಾದ ವಿಷಯ. ಗೇಟ್ ತೆಗೆಯುವಾಗ ಎಲ್ಲರೂ ನೋಡುತ್ತಾರೆ, ಸೈರನ್ ಊದುತ್ತೇವೆ. ಮುಚ್ಚುವಾಗ ಯಾರೂ ಇರುವುದಿಲ್ಲ. ನಾನು ಸೇರಿದ ಹೊಸದರಲ್ಲಿ, ಒಂದು ಸಂಜೆ ಮೇಲಿನಿಂದ ಹೇಳಿಕೆ ಬಂತು: ಬಿಡುಗಡೆ ನಿಲ್ಲಿಸಿ. ಇಪ್ಪತ್ತು ನಿಮಿಷದಲ್ಲಿ ಮುಚ್ಚಿದೆವು. ಚುರುಕಾಗಿ ಮುಗಿಸಿದೆವೆಂದು ಖುಷಿಯೂ ಪಟ್ಟೆವು. ಬೆಳಿಗ್ಗೆ ಕೆಳಗಿಳಿದು ನೋಡಿದರೆ ಬಂಡೆಗಳ ನಡುವಿನ ಗುಂಡಿಗಳಲ್ಲಿ ಮೀನು ಸಿಕ್ಕಿಹಾಕಿಕೊಂಡಿದ್ದವು. ಹೊಳೆಯ ಜೊತೆ ಹಿಂದೆ ಸರಿಯಲು ಅವಕ್ಕೆ ಹೊತ್ತೇ ಸಿಕ್ಕಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗುಂಡಿಯೂ ಒಣಗಿತು. ಅದೇ ನೀರನ್ನು ರಾತ್ರಿಯಿಡೀ ಹಂತ ಹಂತವಾಗಿ ಇಳಿಸಿದ್ದರೆ ಹೆಚ್ಚಿಗೆ ಖರ್ಚಾಗುತ್ತಿದ್ದುದು ಎಷ್ಟು? ಜಲಾಶಯದ ಅಳತೆಪಟ್ಟಿಯಲ್ಲಿ ಕಾಣದಷ್ಟು.

ನಿಲ್ಲಿಸಿ ನಿಲ್ಲಿಸಿ ಬಿಡುವುದರಲ್ಲಿ ನೀರೂ ದಂಡ. ಒಣಗಿದ ಮರಳು ಮೊದಲು ತಾನು ಕುಡಿಯುತ್ತದೆ, ಆಮೇಲೆ ಮುಂದಕ್ಕೆ ಬಿಡುತ್ತದೆ. ಪಾತ್ರ ಒದ್ದೆಯಾಗಿಯೇ ಇದ್ದರೆ ಸಣ್ಣ ಹರಿವು ಕೂಡ ದೂರ ಹೋಗುತ್ತದೆ.

ಗ್ಲೆನ್ ಕ್ಯಾನ್ಯನ್‌ನಲ್ಲೇ 2018ರಲ್ಲಿ ಒಂದು ಪ್ರಯೋಗ ಮಾಡಿದರು. ಕರೆಂಟಿನ ಬೇಡಿಕೆಗೆ ತಕ್ಕಂತೆ ದಿನವೂ ನೀರು ಏರಿಳಿಯುತ್ತಿದ್ದರಿಂದ ಮೀನಿಗೆ ಆಹಾರವಾಗುವ ನೀರಿನ ಹುಳುಗಳು ದಡದಂಚಿಗೆ ಅಂಟಿಸಿದ ಮೊಟ್ಟೆಗಳು ಒಣಗುತ್ತಿದ್ದವು. ಮೇ ತಿಂಗಳಿಂದ ಆಗಸ್ಟ್‌ವರೆಗೆ ಶನಿವಾರ, ಭಾನುವಾರ ಮಾತ್ರ ಹರಿವನ್ನು ಕಡಿಮೆಗೆ ಇಳಿಸಿ, ಅಲುಗಾಡದಂತೆ ಇಟ್ಟರು. ಒಟ್ಟು ನೀರು ಅಷ್ಟೇ, ಹಂಚಿದ ರೀತಿ ಬೇರೆ. ನನಗೆ ಇದು ತುಂಬಾ ಇಷ್ಟವಾದ ಉಪಾಯ.

ನದಿಗೆ ಬರೀ ತೆಳುಧಾರೆ ಸಾಲದು, ಆಗಾಗ ಒಂದು ಸಣ್ಣ ನೆರೆಯೂ ಬೇಕು. 1996ರ ಮಾರ್ಚ್‌ನಲ್ಲಿ ಅದೇ ಡ್ಯಾಂನಿಂದ 45,000 ಕ್ಯೂಸೆಕ್‌ನಂತೆ ಒಂದು ವಾರ ಬಿಟ್ಟು, ತಳದ ಮರಳನ್ನು ಎಬ್ಬಿಸಿ ದಡಕ್ಕೆ ಹಾಕಲು ನೋಡಿದರು. 2014ರಲ್ಲಿ ಅಮೆರಿಕ, ಮೆಕ್ಸಿಕೊ ಎರಡೂ ಒಪ್ಪಿ, ಗಡಿಯ ಮೊರೆಲೋಸ್ ಡ್ಯಾಂನಿಂದ ಸುಮಾರು ಎಂಟು ವಾರ ನೀರು ಬಿಟ್ಟಾಗ ಕೊಲರಾಡೊ ಎಷ್ಟೋ ವರ್ಷಗಳ ನಂತರ ಮತ್ತೆ ಸಮುದ್ರ ಮುಟ್ಟಿತು.

ಕಾಯಿದೆ ಇಲ್ಲವೇ ಎಂದರೆ, ಇದೆ. ಗಂಗೆಯ ಮೇಲ್ಭಾಗಕ್ಕೆ 2018ರ ಅಕ್ಟೋಬರ್‌ನಲ್ಲಿ ಬಂದ ಅಧಿಸೂಚನೆಯಲ್ಲಿ ನದಿಯ ಪಾಲು ಗೊತ್ತುಮಾಡಿದ್ದಾರೆ: ನವೆಂಬರ್‌ನಿಂದ ಮಾರ್ಚ್‌ವರೆಗೆ ಹರಿವಿನ ಶೇ. 20, ಅಕ್ಟೋಬರ್, ಏಪ್ರಿಲ್, ಮೇ ತಿಂಗಳಲ್ಲಿ ಶೇ. 25, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೇ. 30. ಪಾಲಿನ ಲೆಕ್ಕದಲ್ಲಿ ಒಂದು ಅನುಕೂಲ ಇದೆ. ಬರ ಬಂದರೆ ನದಿಯೂ ನಾವೂ ಸೇರಿ ಕಡಿಮೆ ಮಾಡಿಕೊಳ್ಳುತ್ತೇವೆ. ಆದರೆ ತಿಂಗಳುಗಟ್ಟಲೆ ನೀರು ಕೂಡಿಡುವ ದೊಡ್ಡ ಜಲಾಶಯಕ್ಕೆ ಇಷ್ಟೇ ಸಾಲದು, ಗಂಟೆಗೆ ಎಷ್ಟು ಏರಿಸಬಹುದು, ಎಷ್ಟು ಇಳಿಸಬಹುದು ಎಂಬ ಮಿತಿಯೂ ಬೇಕು.

ನಿಮ್ಮ ನದಿಯ ಬಗ್ಗೆ ಯಾರಾದರೂ "ದಿನಕ್ಕೆ ಸರಾಸರಿ 200 ಕ್ಯೂಸೆಕ್ ಬಿಡುತ್ತಿದ್ದೇವೆ" ಅಂದರೆ ಸುಮ್ನೆ ತಲೆಯಾಡಿಸಬೇಡಿ. ಗಂಟೆವಾರು ಪಟ್ಟಿ ಕೇಳಿ. ಆರು ಗಂಟೆ 800 ಕ್ಯೂಸೆಕ್ ಬಿಟ್ಟು, ಉಳಿದ ಹದಿನೆಂಟು ಗಂಟೆ ಪೂರ್ತಿ ಮುಚ್ಚಿದರೂ ಸರಾಸರಿ 200 ಅಂತಲೇ ಬರುತ್ತದೆ.