100 ಎಂಬಿಪಿಎಸ್ ಪ್ಲಾನ್ ಇದ್ದರೂ ಡೌನ್‌ಲೋಡ್ ಸೆಕೆಂಡಿಗೆ 11 ಎಂಬಿ ದಾಟುತ್ತಿಲ್ಲ. ಇದು ಮೋಸವೇ? 200ರ ಪ್ಲಾನ್‌ಗೆ ಹೋಗಲೇ?

ಮೋಸ ಅಲ್ಲ. ನಿಮಗೆ ಬರಬೇಕಾದ ಸ್ಪೀಡ್ ಹೆಚ್ಚುಕಡಿಮೆ ಪೂರ್ತಿ ಬರುತ್ತಿದೆ.

ಪ್ಲಾನ್‌ನಲ್ಲಿ ಇರುವುದು ಬಿಟ್ ಲೆಕ್ಕ, ಡೌನ್‌ಲೋಡ್ ಆಗುವಾಗ ನೀವು ನೋಡುತ್ತಿರುವುದು ಬೈಟ್ ಲೆಕ್ಕ. ಎಂಟು ಬಿಟ್ ಸೇರಿದರೆ ಒಂದು ಬೈಟ್. 100ನ್ನು 8ರಿಂದ ಭಾಗಿಸಿದರೆ 12.5. ಅಂದರೆ ಸೆಕೆಂಡಿಗೆ 12.5 ಮೆಗಾಬೈಟ್, ಅದಕ್ಕಿಂತ ಜಾಸ್ತಿ ಈ ಪ್ಲಾನ್‌ನಲ್ಲಿ ಬರುವ ಹಾಗೇ ಇಲ್ಲ. ಇಂಗ್ಲಿಷ್‌ನಲ್ಲಿ ಬಿಟ್‌ಗೆ ಸಣ್ಣ ಬಿ, ಬೈಟ್‌ಗೆ ದೊಡ್ಡ ಬಿ ಬರೆಯುತ್ತಾರೆ. ಜಾಹೀರಾತು ನೋಡುವಾಗ ಅದನ್ನು ಯಾರು ಗಮನಿಸುತ್ತಾರೆ ಹೇಳಿ!

ಹಾಗಂತ ಇದು ಮಾರಾಟದವರು ಹುಟ್ಟುಹಾಕಿದ ಲೆಕ್ಕವೇನಲ್ಲ. ನೆಟ್‌ವರ್ಕ್‌ನವರು ಮೊದಲಿನಿಂದಲೂ ಅಳೆಯುವುದೇ ಹೀಗೆ. ಡಯಲ್‌ಅಪ್ ಕಾಲದ 56 ಕೆಬಿಪಿಎಸ್ ಮೋಡೆಮ್ ಕೂಡ ಬಿಟ್ ಲೆಕ್ಕದ್ದೇ, ಎಲ್ಲ ಸರಿಯಿದ್ದರೂ ಸೆಕೆಂಡಿಗೆ 7 ಕಿಲೋಬೈಟ್. ಎಂಟು ಪಟ್ಟು ದೊಡ್ಡದಾಗಿ ಕಾಣುವ ಸಂಖ್ಯೆ ಸಿಕ್ಕಿದ್ದಕ್ಕೆ ಕಂಪನಿಗಳು ಬೇಜಾರೇನೂ ಮಾಡಿಕೊಂಡಿಲ್ಲ, ಅದು ಬೇರೆ ಮಾತು.

ಸರಿ, 12.5 ಹೋಗಿ 11 ಆಗಿದ್ದು ಹೇಗೆ? ಡೇಟಾ ಸುಮ್ನೆ ಹರಿದು ಬರುವುದಿಲ್ಲ, ಪ್ಯಾಕೆಟ್ ಪ್ಯಾಕೆಟ್ ಆಗಿ ಬರುತ್ತದೆ. ಲ್ಯಾನ್ ಕೇಬಲ್‌ನಲ್ಲಿ ಒಂದು ದೊಡ್ಡ ಪ್ಯಾಕೆಟ್ ಹಿಡಿಯುವ ಜಾಗ 1538 ಬೈಟ್. ಅದರಲ್ಲಿ ನಿಮ್ಮ ಫೈಲ್‌ನ ಭಾಗ 1460 ಬೈಟ್ ಮಾತ್ರ. ಉಳಿದಿದ್ದು ವಿಳಾಸ, ತಪ್ಪು ಪತ್ತೆ ಮಾಡುವ ಕೋಡ್, ಎರಡು ಪ್ಯಾಕೆಟ್ ನಡುವಿನ ಖಾಲಿ ಜಾಗ. ಅಲ್ಲಿಗೆ 12.5 ಇದ್ದದ್ದು 11.87ಕ್ಕೆ ಇಳಿಯಿತು. ಇದರ ಮೇಲೆ ವಿಂಡೋಸ್‌ನ ಲೆಕ್ಕ ಬೇರೆ. ನೆಟ್‌ವರ್ಕ್‌ನಲ್ಲಿ ಕಿಲೋ ಅಂದರೆ 1000, ವಿಂಡೋಸ್‌ಗೆ 1024. ಈ ಎರಡನೆಯದಕ್ಕೆ 1998ರಲ್ಲೇ ಕಿಬಿಬೈಟ್, ಮೆಬಿಬೈಟ್ ಅಂತ ಬೇರೆ ಹೆಸರು ಕೊಟ್ಟರೂ ವಿಂಡೋಸ್ ಇಂದಿಗೂ ಕೆಬಿ, ಎಂಬಿ ಅಂತಲೇ ತೋರಿಸುತ್ತದೆ. ಆ ಲೆಕ್ಕದಲ್ಲಿ 11.87 ಅನ್ನುವುದು 11.3 ಆಗುತ್ತದೆ. ನಿಮ್ಮ 11 ಸಿಕ್ಕಿತಲ್ಲ! ಅದಕ್ಕೇ ನಾನು ಬಾಯಿಲೆಕ್ಕಕ್ಕೆ 8 ಬಿಟ್ಟು 9ರಿಂದ ಭಾಗಿಸುತ್ತೇನೆ. ಕೈಗೆ ಸಿಗುವ ಸ್ಪೀಡ್‌ಗೆ ಅದೇ ಹತ್ತಿರ.

ಮೊಬೈಲ್‌ನಲ್ಲಿ ದಿನದ ಡೇಟಾ ಮುಗಿದ ಮೇಲೆ 64 ಕೆಬಿಪಿಎಸ್ ಕೊಡುತ್ತಾರಲ್ಲ, ಅದನ್ನೂ 8ರಿಂದ ಭಾಗಿಸಿ ನೋಡಿ. ಸೆಕೆಂಡಿಗೆ 8 ಕಿಲೋಬೈಟ್. 4 ಎಂಬಿಯ ಒಂದು ಫೋಟೋ ಬರಲು ಎಂಟು ನಿಮಿಷಕ್ಕೂ ಜಾಸ್ತಿ ಬೇಕು. ಅದನ್ನೂ ‘ಅನ್‌ಲಿಮಿಟೆಡ್’ ಅಂತಾರೆ.

ಆದರೆ ಎಲ್ಲ ಕಡೆ 8 ನಡೆಯುವುದಿಲ್ಲ. ಕಂಪ್ಯೂಟರ್‌ಗೆ ಎಸ್‌ಎಸ್‌ಡಿ (ಫೈಲ್ ಇಡುವ ಡ್ರೈವ್) ಹಾಕುವ ಸಾಟಾ ಕನೆಕ್ಷನ್ 6 ಜಿಬಿಪಿಎಸ್, ಅಂದರೆ 6000 ಎಂಬಿಪಿಎಸ್. 8ರಿಂದ ಭಾಗಿಸಿ 750 ಎಂಬಿ ಅಂದುಕೊಂಡರೆ ತಪ್ಪು. ಅಲ್ಲಿ ಪ್ರತಿ 8 ಬಿಟ್ ಕಳಿಸಲು 10 ಬಿಟ್ ಖರ್ಚಾಗುತ್ತದೆ, ಹಾಗಾಗಿ ಸಿಗುವುದು 600.

ಇನ್ನು 200ರ ಪ್ಲಾನ್ ವಿಷಯ. 4ಕೆ ವೀಡಿಯೊಗೆ ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್. ಅದೂ ಬಿಟ್ ಲೆಕ್ಕವೇ, ಭಾಗಿಸುವುದು ಬೇಡ. ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ನೋಡಿದರೂ 60. ದಿನಾ ದೊಡ್ಡ ದೊಡ್ಡ ಫೈಲ್ ಇಳಿಸುವ ಕೆಲಸ ಇಲ್ಲದಿದ್ದರೆ ನನ್ನ ಪ್ರಕಾರ ಈಗಿರುವುದೇ ಸಾಕು.

ಹೋಗುವುದೇ ಆದರೆ ಮೊದಲು ಕೇಬಲ್ ನೋಡಿ. 100ಕ್ಕೆ ಲ್ಯಾನ್ ಕೇಬಲ್‌ನ ನಾಲ್ಕು ತಂತಿ ಸಾಕು, ಅದರ ಮುಂದಿನ ಹಂತ ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ಎಂಟೂ ಬೇಕು. ನನ್ನ ಸ್ನೇಹಿತರೊಬ್ಬರು 300ರ ಪ್ಲಾನ್ ಹಾಕಿಸಿದರೂ ಸ್ಪೀಡ್ ಟೆಸ್ಟ್‌ನಲ್ಲಿ 94 ದಾಟುತ್ತಿರಲಿಲ್ಲ. ನೋಡಿದರೆ ಪ್ಲಗ್ ಒಳಗೆ ಕಂದು ಬಣ್ಣದ ತಂತಿ ಪಿನ್‌ಗೆ ಮುಟ್ಟಿರಲೇ ಇಲ್ಲ. ಹೊಸ ಪ್ಲಗ್ ಹಾಕಿದ ಕೂಡಲೇ ಸರಿಹೋಯಿತು. ವಿಂಡೋಸ್‌ನಲ್ಲಿ ಈಥರ್‌ನೆಟ್ ಸೆಟ್ಟಿಂಗ್ಸ್ ತೆರೆದು ಲಿಂಕ್ ಸ್ಪೀಡ್ ನೋಡಿ. ಅಲ್ಲಿ 100 ಅಂತಿದ್ದರೆ ಎಷ್ಟರ ಪ್ಲಾನ್ ಹಾಕಿಸಿದರೂ ಪ್ರಯೋಜನ ಇಲ್ಲ. ಕೇಬಲ್ ಸರಿಯಿದ್ದೂ ಹಾಗೇ ತೋರಿಸಿದರೆ ರೂಟರ್‌ನ ಅಥವಾ ಕಂಪ್ಯೂಟರ್‌ನ ಪೋರ್ಟೇ 100ರದ್ದಿರಬಹುದು. ರೂಟರ್ ಕಂಪನಿಯವರೇ ಕೊಟ್ಟದ್ದಾದರೆ ಗಿಗಾಬಿಟ್ ರೂಟರ್ ಕೊಡಿ ಅಂತ ಕೇಳಿ, ಆಮೇಲೆ ಪ್ಲಾನ್ ಬದಲಾಯಿಸಿ.