ಮೆಣಸಿನಕಾಯಿ ಗಾಡಿಗೆ ಯಾವ ಕಂಪನಿಯ ಬಾಡಿ?

ಪ್ರಶ್ನೆ: ಸುತ್ತಲಿನ ರೈತರ ಒಣ ಮೆಣಸಿನಕಾಯಿಯನ್ನು ಬ್ಯಾಡಗಿ ಮಾರುಕಟ್ಟೆಗೆ ಸಾಗಿಸುತ್ತೇವೆ. ಈಗ ಬೊಲೆರೊ ಪಿಕಪ್‌ನ ಕ್ಯಾಬ್-ಚಾಸಿ (ಹಿಂದಿನ ಬಾಡಿ ಇಲ್ಲದ ಗಾಡಿ) ಬುಕ್ ಮಾಡಿದ್ದೇವೆ. ಹಿಂದೆ ಮುಚ್ಚಿದ ಕಂಟೇನರ್ ಬಾಡಿ ಬೇಕು. ಮೂರು ಕೊಟೇಶನ್ ಬಂದಿವೆ: ಹೆಸರಾದ ಕಂಪನಿಯ ಅಲ್ಯೂಮಿನಿಯಂ ಬಾಡಿ, ಹುಬ್ಬಳ್ಳಿಯ ಒಬ್ಬರ ಜಿಐ ಶೀಟಿನದು (ಸತು ಲೇಪಿಸಿದ ಕಬ್ಬಿಣದ ತಗಡು), ಊರ ವೆಲ್ಡಿಂಗ್ ಶಾಪಿನದು. ಯಾವುದು ಒಳ್ಳೆಯದು?
– ಓದುಗರು, ಕುಂದಗೋಳ ತಾಲ್ಲೂಕು

ಉತ್ತರ: ಬ್ರಾಂಡ್ ಆಮೇಲೆ ನೋಡೋಣ. ಬರುವಾಗ ಗಾಡಿ ಖಾಲಿ ಬರುತ್ತದೋ, ಏನಾದರೂ ಹೇರಿಕೊಂಡು ಬರುತ್ತದೋ? ಮೆಣಸಿನಕಾಯಿ ಹಗುರ. ಅದಕ್ಕೆ ಬೇಕಾದದ್ದು ಜಾಗ. ಆದರೆ ವಾಪಸ್ ಬರುವಾಗ ಹಿಂಡಿ ಚೀಲ ತುಂಬುವುದಾದರೆ ಲೆಕ್ಕವೇ ಬೇರೆ. ಆರ್‌ಸಿಯಲ್ಲಿರುವ ಒಟ್ಟು ತೂಕದ ಮಿತಿಯಲ್ಲಿ ಬಾಡಿಯ ತೂಕವೂ ಸೇರಿರುತ್ತದೆ. ಬಾಡಿ 150 ಕೆಜಿ ಜಾಸ್ತಿ ಇದ್ದರೆ 50 ಕೆಜಿಯ ಮೂರು ಚೀಲ ಪ್ರತಿ ಸಲ ಕಡಿಮೆ. ಹಾಗಿದ್ದರೆ ಹಗುರವಾದ ಅಲ್ಯೂಮಿನಿಯಂಗೆ ಕೊಟ್ಟ ದುಡ್ಡು ವಾಪಸ್ ಬರುತ್ತದೆ. ಬರೀ ಮೆಣಸಿನಕಾಯಿಗಾದರೆ ಜಿಐ ಶೀಟೇ ಸಾಕು ಅನ್ನುವವನು ನಾನು.

ಬಾಡಿಯ ತೂಕ, ಶೀಟಿನ ದಪ್ಪ, ನೆಲದ ಅಡ್ಡ ಚಾನೆಲ್‌ಗಳ (ನೆಲವನ್ನು ಹೊರುವ ಅಡ್ಡಪಟ್ಟಿಗಳ) ಅಂತರ, ಇಷ್ಟನ್ನೂ ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡುವವರ ಸಹವಾಸ ಬೇಡ.

ಆಮೇಲೆ ಅವರು ಕಟ್ಟಿದ ಗಾಡಿಯೊಂದನ್ನು ನೋಡಿ. ಹೊಸದಲ್ಲ, ಎರಡು ಮಳೆಗಾಲ ಕಂಡಿರಬೇಕು. ಹುಬ್ಬಳ್ಳಿಯ ಗೋಕುಲ ರಸ್ತೆಯ ಶೆಡ್ಡಿನಲ್ಲಿ ನಮ್ಮ ಮೇಸ್ತ್ರಿ ಕಲಿಸಿದ ಪರೀಕ್ಷೆ ಇದು: ಮಟಮಟ ಮಧ್ಯಾಹ್ನ ಒಳಗೆ ಹೋಗಿ ನಿಂತು, ಹೊರಗಿನಿಂದ ಬಾಗಿಲು ಹಾಕಿಸಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸುಮ್ನೆ ನಿಲ್ಲಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಅಲ್ಲಿ ನೀರು ಬರುತ್ತದೆ. ಚಾವಣಿ ಮುಂದಿನ ಗೋಡೆಗೆ ಕೂಡುವ ಮೂಲೆ ಮತ್ತು ಬಾಗಿಲಿನ ಮೇಲಂಚನ್ನು ಬಿಡದೆ ನೋಡಿ. ಇನ್ನೊಂದು, ಅಲ್ಯೂಮಿನಿಯಂ ಶೀಟನ್ನು ಕಬ್ಬಿಣದ ಫ್ರೇಮಿಗೆ ನೇರವಾಗಿ ರಿವೆಟ್ ಹೊಡೆದಿದ್ದರೆ, ತೇವ ಸೇರಿ ರಿವೆಟ್ ಸುತ್ತ ಬಿಳಿ ಪುಡಿ ಏಳುತ್ತದೆ. ನಡುವೆ ರಬ್ಬರ್ ಪಟ್ಟಿ ಇರಲೇಬೇಕು.

ಗಾಳಿಯ ಕಿಂಡಿಯನ್ನು ನೀವೇ ಕೇಳಿ ಇಡಿಸಿಕೊಳ್ಳಿ. ಚೆನ್ನಾಗಿ ಒಣಗಿದ ಕಾಯಿಯಲ್ಲೂ ಶೇ 10ರಷ್ಟು ತೇವ ಇರುತ್ತದೆ. ಕಾಯಿ ಮುರಿಯದಿರಲಿ ಅಂತ ನೀರು ಚಿಮುಕಿಸಿ ಚೀಲ ತುಂಬುವವರೂ ಇದ್ದಾರೆ. ರಾತ್ರಿ ಮಾರುಕಟ್ಟೆಯ ಹೊರಗೆ ಗಾಡಿ ನಿಂತಾಗ ಚಾವಣಿಯ ತಗಡು ತಣ್ಣಗಾಗಿ ಒಳಗೆಲ್ಲ ಬೆವರುತ್ತದೆ. ಹನಿ ಬೀಳುವುದು ಮೇಲಿನ ಸಾಲಿನ ಚೀಲಗಳ ಮೇಲೆ. ಬ್ಯಾಡಗಿ ಕಾಯಿಗೆ ರೇಟು ಬರುವುದೇ ಬಣ್ಣಕ್ಕೆ, ಅಲ್ವಾ? ಬೂಷ್ಟು ಹಿಡಿದು ಕಪ್ಪಾದರೆ ರೈತನ ವರ್ಷದ ದುಡಿಮೆ ಹೋಯಿತು. ಮುಂದಿನ ಗೋಡೆಯಲ್ಲೊಂದು, ಹಿಂದೆ ಬಾಗಿಲಿನ ಮೇಲೊಂದು, ಜಾಳಿಗೆ ಮತ್ತು ಮಳೆ ತಡೆಯುವ ಮುಚ್ಚಳ ಇರುವ ಕಿಂಡಿ ಸಾಕು.

ಕಾಗದದ ವಿಷಯ. ಬಾಡಿ ಕಟ್ಟಿದವರು ಫಾರಂ 22-ಎ, ಅಂದರೆ ಗಾಡಿ ರಸ್ತೆಗೆ ಯೋಗ್ಯ ಅನ್ನುವ ಪ್ರಮಾಣಪತ್ರದ ಎರಡನೇ ಭಾಗ ತುಂಬಿ ಕೊಡಬೇಕು. ನೋಂದಣಿಗೆ ಆರ್‌ಟಿಒದಲ್ಲಿ ಅದನ್ನು ಕೇಳುತ್ತಾರೆ. ಊರ ಶಾಪಿನವರ ಕೈಗೆಲಸ ಚೆನ್ನಾಗಿಯೇ ಇರಬಹುದು. ಆದರೆ ಈ ಕಾಗದ ಕೊಡುತ್ತಾರಾ ಅಂತ ಅಡ್ವಾನ್ಸ್ ಕೊಡುವ ಮೊದಲೇ ಕೇಳಿ.